ವೆಟ್ಟರ್ ಬಂದಿದೆ

ನಿಮಗೆ ವೆಟ್ಟರ್ ಬಂದಿದೆ, ಅಂದರು ಡಾಕ್ಟರು
ಕನ್ನಡಕ ಒರೆಸುತ್ತ.
ಬಾಗಿಲ ಕಡೆ ತಿರುಗಿ ನೋಡಿದೆ.
ಯಾರೂ ಇರಲಿಲ್ಲ.

ಬಂದವನು ಆಗಲೇ ನನ್ನ ಎಡಗೈಯೊಳಗೆ ಕೂತಿದ್ದ,
ಸತ್ತು ನೂರು ವರ್ಷವಾದ ಗಂಡಸು,
ಮೀಸೆ, ಸರಪಳಿ ಗಡಿಯಾರ, ಲ್ಯಾಟಿನ್ನು ಸಮೇತ.
ಬಂದಿದ್ದಾನೆ ಅನ್ನುವುದಿಲ್ಲ ಯಾರೂ. ಬಂದಿದೆ ಅನ್ನುತ್ತಾರೆ.
ಅಷ್ಟು ಓದಿ, ಅಷ್ಟು ಬರೆದು, ಕಡೆಗೆ
ಒಂದು 'ಅದು' ಆಗಿ ಉಳಿದ, ಪಾಪ.

ರೀಗಾದ ಈ ಆಸ್ಪತ್ರೆಯ ಉದ್ದ ಓಣಿಯಲ್ಲಿ
ಬಾಗಿಲಿಗೊಬ್ಬ ಯಜಮಾನ.
ಪಾರ್ಕಿನ್ಸನ್ ಮಂಗಳವಾರ, ಕ್ರೋನ್ ಗುರುವಾರ,
ಮಹಡಿಯ ಮೇಲೆ ಆಲ್ಝೈಮರ್:
ಹೆಂಡತಿಯ ಹೆಸರು ಮರೆತವರೂ
ಅವನ ಹೆಸರಿನ ಕೆಳಗೆ ಸಹಿ ಹಾಕುತ್ತಾರೆ.
ಪಕ್ಕದ ಬೆಂಚಿನ ಮುದುಕ, ಹಡಗಿಗೆ ಬಣ್ಣ ಬಳಿಯುತ್ತಿದ್ದವನು,
ಕೇಳಿದ: ನಿಮ್ಮದು ಯಾರು?
ಮದುವೆಮನೆಯಲ್ಲಿ
ನೀವು ಯಾರ ಕಡೆಯವರು ಅಂದ ಹಾಗೆ.

ನಾನು ನಾಟಕಶಾಲೆಯಲ್ಲಿ ಉಡುಪು ಹೊಲಿಯುವವಳು.
ಇಪ್ಪತ್ತಾರು ವರ್ಷ
ಎಷ್ಟೋ ರಾಣಿಯರ ಬೆನ್ನಿಗೆ ಗುಂಡಿ ಹಚ್ಚಿದ್ದೇನೆ,
ಒಂದೇ ಕೋಟನ್ನು ಬಿಚ್ಚಿ ಹೊಲಿದು
ಮಂತ್ರಿಗೂ ಕಳ್ಳನಿಗೂ ತೊಡಿಸಿದ್ದೇನೆ.
ಹೋದ ಮಾರ್ಚಿನಲ್ಲಿ, ದೌಗಾವಾ ನದಿಯ ಮಂಜುಗಡ್ಡೆ ಬಿರಿಯುವ ವಾರ,
ಮೊದಲು ಉಂಗುರದ ಬೆರಳು ಮಡಚಿಕೊಂಡಿತು.
ಆಮೇಲೆ ಕಿರುಬೆರಳು.
ಆಮೇಲೆ ಮಖಮಲ್ಲು
ಕೈಯಿಂದ ಜಾರತೊಡಗಿತು, ಮಾತು ಬಿಟ್ಟವರ ಥರ.

ರಕ್ತ ತೆಗೆಯಲು ಬಂದ ನರ್ಸು ಸಿಗ್ನೆ
ನನ್ನ ಚೀಟಿ ಓದಿ ಹಾಗೇ ನಿಂತಳು.
ಅವರು ನಮ್ಮಪ್ಪನ ಮುತ್ತಜ್ಜ, ಅಂದಳು,
ಪಾತ್ರೆ ಒಡೆದು ಒಪ್ಪಿಕೊಳ್ಳುವವಳಂತೆ.
ವೈದ್ಯರ ಮಕ್ಕಳೇ ತುಂಬಿದ ಶಾಲೆ;
ಹಾಜರಿಯಲ್ಲಿ ವೆಟ್ಟರ್ ಅಂದದ್ದೇ ತಡ
ಇಡೀ ತರಗತಿ ಬೆರಳು ಮಡಚಿ ತೋರಿಸುತ್ತಿತ್ತಂತೆ.
ಗಂಡ ಹೇಗಾದರೂ ಇರಲಿ
ಬೇರೆ ಹೆಸರು ಸಿಕ್ಕಿತಲ್ಲ ಅಂತ ಮದುವೆಯಾದೆ,
ಅಂದು ನಕ್ಕಳು. ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ಲ.

ಮುಂದಿನ ಸಲ ಒಂದು ಹಾಳೆ ತಂದಳು,
ಮನೆಯ ಹಳೆ ಪೆಟ್ಟಿಗೆಯದು, ಜರ್ಮನ್ ಬರಹ.
ಬೆರಳಿಟ್ಟು ಓದಿ ಹೇಳಿದಳು:

*ರೋಗಿ ಬ., ಮೂವತ್ತೆಂಟು, ಲಿಯೆಪಾಯಾದವಳು.
ಮೀನಿಗೆ ಹೊಗೆ ಕೊಡುವ ಕೆಲಸ.
ರಾತ್ರಿ ತನ್ನ ಕೈ ನಾಣ್ಯ ಹಿಡಿದು ಮಲಗುತ್ತದೆ ಎನ್ನುತ್ತಾಳೆ.
ವಿವರಣೆ ಅಸ್ಪಷ್ಟ.*

ಅಸ್ಪಷ್ಟ!
ನಾಲ್ಕು ಡಾಕ್ಟರ ಮುಂದೆ ನಾನು ತಡವರಿಸಿದ್ದನ್ನು
ಒಂದೇ ಉಸಿರಿಗೆ ಹೇಳಿ ಹೋಗಿದ್ದಾಳೆ.
ಕೈ ಅವಳದು, ಉಪಮೆ ಅವಳದು.
ಕಾಯಿಲೆಗೆ ಹೆಸರು ಇವನದು.
ಅವಳ ಪಾಲಿಗೆ ಒಂದಕ್ಷರ, ಪಕ್ಕದಲ್ಲೊಂದು ಚುಕ್ಕಿ.

ಬೈಯಬೇಕೆಂದುಕೊಂಡೆ. ಬಾಯಿಗೆ ಬಂದದ್ದು ನಿಂತಿತು.
ಅಸ್ಪಷ್ಟವೆಂದರೂ ಬರೆದಿಟ್ಟನಲ್ಲ ಪುಣ್ಯಾತ್ಮ,
ಹೊಗೆನಾರುವ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು
ಕಿಟಕಿಯ ಬೆಳಕಿಗೆ ತಿರುಗಿಸಿರಬೇಕಲ್ಲ.
ಇಲ್ಲದಿದ್ದರೆ ಆ ನಾಣ್ಯ
ಇಷ್ಟು ದೂರ, ನನ್ನವರೆಗೆ ಉರುಳುತ್ತಿತ್ತೆ?
ಅವನ ಅಳತೆಗೊಂದು ಕೋಟು ಹೊಲಿಯಬೇಕಾಗಿ ಬಂದರೆ
ಹೊಲಿದೇನು. ಕಂಕುಳು ಮಾತ್ರ ಕೊಂಚ ಬಿಗಿ ಇಡುತ್ತೇನೆ.

ಈಗ ದಿನಾ ಬೆಳಗ್ಗೆ ಬೋಗುಣಿಯ ಬಿಸಿನೀರಿನಲ್ಲಿ
ಬೆರಳು ಬಿಡಿಸುವ ಕೆಲಸ.
ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತೇನೆ:
ಬೆರ್ಟಾ.
ಬಾಬೆಟೆ.
ಬೆನೆಡಿಕ್ಟಾ. ಏಳಮ್ಮ, ಹೊತ್ತಾಯಿತು.
ಕಿರುಬೆರಳು ಬಾರ್ಬೆ, ಹಟಮಾರಿ.
ಇವರಲ್ಲಿ ಯಾರಾದರೊಬ್ಬಳು ಅವಳಿರಬಹುದು.

ಇನ್ನೊಂದು ಇದೆ, ಮೊದಲು ಮಡಚಿದ್ದು, ಕೊನೆಗೆ ಬಿಚ್ಚುವುದು.
ಅದಕ್ಕೆ ಹೆಸರಿಡಲು ಹೋಗಿಲ್ಲ.
ಮೊದಲಿಂದಲೂ ಅನಾಮಿಕ ಅದು.
ನೀರು ಆರುವವರೆಗೆ
ಸುಮ್ಮನೆ ಹಿಡಿದುಕೊಂಡು ಕೂತಿರುತ್ತೇನೆ.